ಒಂದೇ ಸೂರಿನಡಿ ಹತ್ತು ಜನ: 'ಮಿಕ್ಸ್ಡ್ ನಟ್ಸ್' ಮತ್ತು ಅದರ ಜೊತೆ ತೂಗಿ ನೋಡಬೇಕಾದ ಐದು ಕ್ರಿಸ್‌ಮಸ್ ಹಾಸ್ಯಚಿತ್ರಗಳು

ಡಿಸೆಂಬರ್ ಕೊನೆಯ ವಾರದಲ್ಲಿ ನಾಲ್ಕಾರು ಜನ ಒಟ್ಟಿಗೆ ಕುಳಿತು ನೋಡಲು ಒಂದು ಕ್ರಿಸ್‌ಮಸ್ ಹಾಸ್ಯಚಿತ್ರ ಹೇಳಿ ಎಂದು ಕೇಳಿದರೆ ಹೆಚ್ಚಿನವರ ನಾಲಿಗೆಯ ತುದಿಯಲ್ಲಿರುವುದು 2003ರ 'ಲವ್ ಆಕ್ಚುಯಲಿ'. ಚೆನ್ನಾಗಿಯೇ ಇರುವ ಚಿತ್ರ. ಆದರೆ ಅದರಲ್ಲಿ ಒಂಬತ್ತು ಹತ್ತು ಕತೆಗಳು ಅಕ್ಕಪಕ್ಕದ ಹಳಿಗಳ ಮೇಲೆ ಓಡುತ್ತವೆ. ಒಂದು ಗಾಡಿಯವರು ಇನ್ನೊಂದು ಗಾಡಿಯವರಿಗೆ ಕಿಟಕಿಯಿಂದ ಕೈಬೀಸುತ್ತಾರೆ, ಅಷ್ಟೇ. ನನಗೆ ಹಬ್ಬದ ಹೊತ್ತಿಗೆ ಬೇಕಾಗುವುದು ಬೇರೆ ಬಗೆಯ ಚಿತ್ರ: ಹೊಂದಾಣಿಕೆಯೇ ಇಲ್ಲದ ಹತ್ತು ಜನ ಒಂದೇ ಸೂರಿನಡಿ ಸಿಕ್ಕಿಹಾಕಿಕೊಂಡಿರಬೇಕು, ಒಬ್ಬನ ಎಡವಟ್ಟು ಇನ್ನೊಬ್ಬನ ತಲೆಯ ಮೇಲೆ ಬೀಳಬೇಕು, ಎದ್ದು ಹೋಗೋಣವೆಂದರೆ ಯಾರಿಗೂ ಬೇರೆ ಜಾಗವಿರಬಾರದು.

ಇಂಥ ಚಿತ್ರಗಳು ಇವೆ. ಅವುಗಳಲ್ಲಿ ಕೆಲವಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಎಲ್ಲಕ್ಕಿಂತ ಹೆಚ್ಚು ಅನ್ಯಾಯವಾಗಿರುವುದು ನೋರಾ ಎಫ್ರಾನ್ ಅವರ 1994ರ 'ಮಿಕ್ಸ್ಡ್ ನಟ್ಸ್'ಗೆ ಎಂಬುದು ನನ್ನ ಗಟ್ಟಿ ನಂಬಿಕೆ. ಹಾಗೆಂದು ಅದನ್ನು ಎಲ್ಲರ ಮುಂದೆಯೂ ಹಾಕಲು ಬರುವುದಿಲ್ಲ. ಯಾರೊಂದಿಗೆ ಕುಳಿತು ನೋಡುತ್ತೀರಿ, ಆ ಸಂಜೆ ಮನಸ್ಸು ಎಷ್ಟು ಖಾರ ತಡೆದೀತು ಎಂಬುದರ ಮೇಲೆ ಆಯ್ಕೆ ನಿಂತಿದೆ. ಅದಕ್ಕಾಗಿ ಅದರ ಪಕ್ಕದಲ್ಲಿ ಇನ್ನೈದು ಚಿತ್ರಗಳನ್ನು ಇಟ್ಟು ನೋಡುತ್ತೇನೆ. ಅದರ ಫ್ರೆಂಚ್ ಮೂಲವಾದ 1982ರ 'ಲೆ ಪೆರ್ ನೊಯೆಲ್ ಎ ತ್ಯೂನ್ ಓರ್ದ್ಯೂರ್', 1994ರದ್ದೇ ಆದ 'ದ ರೆಫ್', 2005ರ 'ದ ಫ್ಯಾಮಿಲಿ ಸ್ಟೋನ್', 1947ರ 'ಇಟ್ ಹ್ಯಾಪನ್ಡ್ ಆನ್ ಫಿಫ್ತ್ ಅವೆನ್ಯೂ' ಮತ್ತು 1961ರ ಸ್ಪ್ಯಾನಿಷ್ ಚಿತ್ರ 'ಪ್ಲಾಸಿದೊ'.

ಒಂದು ವಿಚಿತ್ರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಆರು ಕ್ರಿಸ್‌ಮಸ್ ಚಿತ್ರಗಳಲ್ಲಿ ನಾಲ್ಕು ಕ್ರಿಸ್‌ಮಸ್ ಹೊತ್ತಿಗೆ ತೆರೆಗೆ ಬಂದವೇ ಅಲ್ಲ. ಫ್ರೆಂಚ್ ಚಿತ್ರ ಬಂದದ್ದು ಆಗಸ್ಟ್‌ನಲ್ಲಿ, 'ದ ರೆಫ್' ಮಾರ್ಚ್‌ನಲ್ಲಿ, 'ಫಿಫ್ತ್ ಅವೆನ್ಯೂ' ಏಪ್ರಿಲ್‌ನಲ್ಲಿ, 'ಪ್ಲಾಸಿದೊ' ಅಕ್ಟೋಬರ್‌ನಲ್ಲಿ. ಹಬ್ಬದ ಚಿತ್ರಗಳ ಪಟ್ಟಿ ಮಾಡುವವರ ಕಣ್ಣಿಗೆ ಇವು ಬೀಳದಿರಲು ಇದೂ ಒಂದು ಕಾರಣವಿರಬಹುದು. ಸರಿಯಾಗಿ ಹಬ್ಬದ ವಾರದಲ್ಲೇ ಬಿಡುಗಡೆಯಾದ 'ಮಿಕ್ಸ್ಡ್ ನಟ್ಸ್'ಗೆ ಆ ನೆಪವೂ ಇಲ್ಲ.

ಸಹಾಯವಾಣಿಯ ಕಚೇರಿಯಲ್ಲಿ ಒಂದು ಸಂಜೆ

ಎಫ್ರಾನ್ ಆಗ ಗೆಲುವಿನ ಅಲೆಯ ಮೇಲಿದ್ದರು. 1993ರಲ್ಲಿ ಅವರ 'ಸ್ಲೀಪ್‌ಲೆಸ್ ಇನ್ ಸಿಯಾಟಲ್' ಜಗತ್ತಿನಾದ್ಯಂತ 20 ಕೋಟಿ ಡಾಲರಿಗೂ ಹೆಚ್ಚು ಗಳಿಸಿತ್ತು. ಮರುವರ್ಷ ತಂಗಿ ಡೆಲಿಯಾ ಎಫ್ರಾನ್ ಜೊತೆ ಬರೆದು, ತಾವೇ ನಿರ್ದೇಶಿಸಿದ 'ಮಿಕ್ಸ್ಡ್ ನಟ್ಸ್' 70 ಲಕ್ಷ ಡಾಲರಿನ ಆಸುಪಾಸಿನಲ್ಲೇ ನೆಲಕಚ್ಚಿತು. ಆ ವರ್ಷದ ಹಬ್ಬದ ಪ್ರೇಕ್ಷಕರನ್ನು ಟಿಮ್ ಅಲೆನ್ ನಟಿಸಿದ 'ದ ಸಾಂಟಾ ಕ್ಲಾಸ್' ಬಾಚಿಕೊಂಡಿತ್ತು. ವಿಮರ್ಶಕರೂ ಕೈಬಿಟ್ಟರು. ಗಲಾಟೆ ಹೆಚ್ಚು, ಕಿರುಚಾಟ ಹೆಚ್ಚು ಎಂಬುದು ಅವರ ದೂರು.

ಆ ದೂರು ಪೂರ್ತಿ ಸುಳ್ಳಲ್ಲ. ಮೊದಲ ಬಾರಿ ನೋಡಿದಾಗ ನಾನೂ ಇಪ್ಪತ್ತು ನಿಮಿಷಕ್ಕೇ ನಿಲ್ಲಿಸಿದ್ದೆ. ಒಬ್ಬನೇ ಕುಳಿತು ನೋಡಿದ್ದು ತಪ್ಪಾಯಿತು ಎಂದು ಆಮೇಲೆ ತಿಳಿಯಿತು. ಕೆಲವು ವರ್ಷಗಳ ನಂತರ ಆರು ಜನರೊಂದಿಗೆ ನೋಡಿದಾಗ ಅದೇ ಕಿರುಚಾಟ ಬೇರೆಯಾಗಿ ಕೇಳಿಸಿತು. ಪ್ರಹಸನ ಎಂಬುದು ಗುಂಪಿನ ನಡುವೆ ಕುಳಿತು ನೋಡಬೇಕಾದ ಪ್ರಕಾರ. ಒಂಟಿ ಕಿವಿಗೆ ಅದು ಬರೀ ಸದ್ದು.

ಕತೆ ನಡೆಯುವುದು ಲಾಸ್ ಏಂಜಲೀಸ್‌ನ ವೆನಿಸ್ ಕಡಲತೀರದಲ್ಲಿ, ಕ್ರಿಸ್‌ಮಸ್ ಮುನ್ನಾದಿನ. ಬದುಕಿನ ಬಗ್ಗೆ ಭರವಸೆ ಕಳೆದುಕೊಂಡವರು ಫೋನ್ ಮಾಡುವ ಒಂದು ಸಣ್ಣ ಸಹಾಯವಾಣಿ. ಅದನ್ನು ನಡೆಸುವವನು ಫಿಲಿಪ್, ಅಂದರೆ ಸ್ಟೀವ್ ಮಾರ್ಟಿನ್. ಬಾಡಿಗೆ ಬಾಕಿ ಉಳಿದಿರುವುದರಿಂದ ಜಾಗ ಖಾಲಿ ಮಾಡಬೇಕೆಂಬ ನೋಟಿಸ್ ಬಂದಿದೆ. ಪ್ರೇಯಸಿ ಅದೇ ದಿನ ಕೈಕೊಡುತ್ತಾಳೆ. ಅವನನ್ನು ಒಳಗೊಳಗೇ ಪ್ರೀತಿಸುವ ಕ್ಯಾಥರೀನ್ ಆಗಿ ರೀಟಾ ವಿಲ್ಸನ್, ಸದಾ ಸಿಡಿಮಿಡಿಗುಡುವ ಮಿಸೆಸ್ ಮುಂಚ್ನಿಕ್ ಆಗಿ ಮ್ಯಾಡೆಲಿನ್ ಕಾನ್ ಇದ್ದಾರೆ. ತುಂಬು ಗರ್ಭಿಣಿಯೊಬ್ಬಳು, ಸಾಂಟಾ ವೇಷದಲ್ಲಿರುವ ಅವಳ ಸೋಮಾರಿ ಸಂಗಾತಿ, ಪುಟ್ಟ ಗಿಟಾರಿನಂಥ ಯುಕುಲೇಲಿ ಹಿಡಿದು ಹಾಡುವ ಹುಡುಗ, ನಾಯಿಗಳನ್ನು ಸಾಕಿದ ನೆರೆಮನೆಯವನು, ಒಬ್ಬ ಪಶುವೈದ್ಯ, ಇವರೆಲ್ಲ ಒಬ್ಬರ ಹಿಂದೊಬ್ಬರು ಆ ಕಚೇರಿಯೊಳಗೆ ಬಂದು ಬೀಳುತ್ತಾರೆ. ಹೊರಗೆ ಒಬ್ಬ ಕೊಲೆಗಾರನೂ ತಿರುಗಾಡುತ್ತಿದ್ದಾನೆ.

ಇಷ್ಟು ಹೇಳಿದರೆ ಎಲ್ಲವೂ ಕಲಸುಮೇಲೋಗರವಾದಂತೆ ಕಾಣುತ್ತದೆ. ಆದರೆ ಈ ಚಿತ್ರ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ: ಬೇರೆಯವರ ಕಷ್ಟ ಕೇಳಲು ಕುಳಿತವರು ಸ್ವತಃ ಹಬ್ಬದ ರಾತ್ರಿ ಹೋಗಲು ಮನೆಯಿಲ್ಲದವರು. ಫೋನಿನ ಆ ತುದಿಯಲ್ಲಿರುವವರಿಗೂ ಈ ತುದಿಯಲ್ಲಿರುವವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಬ್ಬ ಎಂಬುದು ಇರುವುದನ್ನು ನೆನಪಿಸುವಷ್ಟೇ ಇಲ್ಲದ್ದನ್ನೂ ಎತ್ತಿ ತೋರಿಸುತ್ತದೆ ಎಂಬ ಅರಿವು ಈ ಗಲಾಟೆಯ ಕೆಳಗೆ ಉದ್ದಕ್ಕೂ ಹರಿಯುತ್ತಿರುತ್ತದೆ.

ಇದನ್ನು ಒಂದೇ ದೃಶ್ಯದಲ್ಲಿ ನೋಡಬೇಕೆಂದರೆ ಕ್ರಿಸ್ ಬರುವ ಭಾಗಕ್ಕೆ ಕಾಯಿರಿ. ಹೆಣ್ಣಾಗಿ ಬದುಕುತ್ತಿರುವ, ಎಲ್ಲರಿಂದ ದೂರವಾಗಿರುವ ಕ್ರಿಸ್ ಫೋನಿನಲ್ಲಿ ಮಾತಾಡಿದ್ದು ಸಾಲದೆ ವಿಳಾಸ ಪಡೆದು ಬಾಗಿಲಿಗೇ ಬರುತ್ತಾಳೆ. ಆಗಷ್ಟೇ ಸಿನಿಮಾಕ್ಕೆ ಕಾಲಿಟ್ಟಿದ್ದ ಲಿಯೆವ್ ಶ್ರೈಬರ್ ಈ ಪಾತ್ರ ಮಾಡಿದ್ದಾರೆ. ಕ್ರಿಸ್ ಫಿಲಿಪ್‌ನನ್ನು ನೃತ್ಯಕ್ಕೆ ಕರೆಯುತ್ತಾಳೆ. ಮೊದಲ ಹೆಜ್ಜೆಗಳು ಮುಜುಗರದವು, ಆಮೇಲೆ ಮುಜುಗರ ಕರಗುತ್ತದೆ. ಈ ಪಾತ್ರದ ಸುತ್ತ ಬರುವ ಕೆಲವು ಮಾತುಗಳು ಇಂದು ಕಿವಿಗೆ ಒರಟಾಗಿ ಬಡಿಯುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ನೃತ್ಯದ ಹೊತ್ತಿನಲ್ಲಿ ಚಿತ್ರ ಕ್ರಿಸ್‌ಳನ್ನು ನೋಡಿ ನಗುವುದಿಲ್ಲ. ಅವಳ ಜೊತೆಗೆ ನಿಲ್ಲುತ್ತದೆ. ಅಷ್ಟು ಹೊತ್ತು ಓಡಿದ ಚಿತ್ರ ಅಲ್ಲಿ ಮೊದಲ ಬಾರಿ ಉಸಿರು ಬಿಡುತ್ತದೆ.

ಪಾತ್ರವರ್ಗವನ್ನು ನೋಡುವುದೇ ಒಂದು ಸಂತೋಷ. ಯುಕುಲೇಲಿಯ ಹುಡುಗ ಆಡಮ್ ಸ್ಯಾಂಡ್ಲರ್. ಕ್ರಿಸ್‌ಮಸ್ ಮರ ಹೊತ್ತು ಸ್ಕೇಟ್ ಮಾಡುತ್ತ ಬಂದು ಡಿಕ್ಕಿಯಾಗುವ ಜೋಡಿ ಪಾರ್ಕರ್ ಪೋಸಿ ಮತ್ತು ಜಾನ್ ಸ್ಟುವರ್ಟ್. ಗರ್ಭಿಣಿ ಜೂಲಿಯೆಟ್ ಲೂಯಿಸ್, ಕಟ್ಟಡದ ಮಾಲೀಕ ಗ್ಯಾರಿ ಶ್ಯಾಂಡ್ಲಿಂಗ್, ಪಶುವೈದ್ಯ ರಾಬ್ ರೈನರ್. ಮ್ಯಾಡೆಲಿನ್ ಕಾನ್ ಲಿಫ್ಟ್‌ನಲ್ಲಿ ಸಿಕ್ಕಿಕೊಂಡು ಕಳೆಯುವ ಹೊತ್ತು ಹಾಸ್ಯ ನಟನೆ ಕಲಿಯುವವರು ಮತ್ತೆ ಮತ್ತೆ ನೋಡಬೇಕಾದದ್ದು. ಇಕ್ಕಟ್ಟಿನ ಪೆಟ್ಟಿಗೆಯೊಳಗೆ ಒಬ್ಬರೇ ನಟಿ, ಎದುರಿಗೆ ಮಾತಾಡಲು ಯಾರೂ ಇಲ್ಲ, ಆದರೂ ಸಿಟ್ಟಿಗೆ ಎಷ್ಟು ಮೆಟ್ಟಿಲುಗಳಿವೆ ಎಂಬುದನ್ನು ಅವರು ಒಂದೊಂದಾಗಿ ಹತ್ತಿ ತೋರಿಸುತ್ತಾರೆ.

ಛಾಯಾಗ್ರಾಹಕರ ಹೆಸರು ಓದಿದಾಗ ನಾನು ಒಮ್ಮೆ ಹಿಂದಕ್ಕೆ ಹೋಗಿ ಮತ್ತೆ ಓದಿದೆ: ಸ್ವೆನ್ ನಿಕ್‌ವಿಸ್ಟ್. ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಅವರ ಕಣ್ಣಾಗಿದ್ದವರು, 'ಫ್ಯಾನಿ ಅಂಡ್ ಅಲೆಕ್ಸಾಂಡರ್'ನ ಆ ತುಂಬಿದ ಕ್ರಿಸ್‌ಮಸ್ ಮನೆಯನ್ನು ಬೆಳಗಿ ಆಸ್ಕರ್ ಪಡೆದವರು. ಅವರು ಹಿಮವಿಲ್ಲದ, ತಾಳೆಮರಗಳ ನಡುವಿನ ಕ್ರಿಸ್‌ಮಸ್‌ಗೆ ಬೆಳಕು ಹಾಕಿದ್ದಾರೆ. ಸತ್ತವನೊಬ್ಬನನ್ನು ಕ್ರಿಸ್‌ಮಸ್ ಮರದ ವೇಷದಲ್ಲಿ ಕಡಲತೀರದ ಹಾದಿಯಲ್ಲಿ ಸಾಗಿಸುವ ಅಸಂಬದ್ಧವೂ ಆ ಬೆಳಕಿನಲ್ಲಿ ಹಬ್ಬದ ಮೆರವಣಿಗೆಯಂತೆ ಕಾಣುತ್ತದೆ.

ಸುಮಾರು 97 ನಿಮಿಷದ ಚಿತ್ರ. ಆತ್ಮಹತ್ಯೆಯ ಯೋಚನೆಯ ಸುತ್ತ ಹಾಸ್ಯ ಕಟ್ಟಿದೆ ಎಂಬುದನ್ನು ಮರೆಯಬೇಡಿ. ನಿಮ್ಮ ಜೊತೆ ಕುಳಿತವರಲ್ಲಿ ಯಾರಾದರೂ ಇತ್ತೀಚೆಗೆ ಆ ನೋವನ್ನು ಹತ್ತಿರದಿಂದ ಕಂಡಿದ್ದರೆ ಈ ಚಿತ್ರವನ್ನು ಇನ್ನೊಂದು ವರ್ಷಕ್ಕೆ ಎತ್ತಿಡಿ.

ಮೂಲ ಚಿತ್ರವೋ, ಮರುರೂಪವೋ

'ಮಿಕ್ಸ್ಡ್ ನಟ್ಸ್' ಇಷ್ಟವಾಗದವರು ಸಾಮಾನ್ಯವಾಗಿ ಹೇಳುವ ಮಾತು, ಮೂಲವೇ ಮೇಲು ಎಂಬುದು. ಜೀನ್ ಮರೀ ಪೊಯಿರೆ ನಿರ್ದೇಶಿಸಿದ ಆ ಫ್ರೆಂಚ್ ಚಿತ್ರಕ್ಕೆ ಮೂಲ, ಪ್ಯಾರಿಸ್‌ನ 'ಸ್ಪ್ಲೆಂಡಿಡ್' ತಂಡ 1979ರಲ್ಲಿ ಆಡಿದ ನಾಟಕ. ತಿಯೆರಿ ಲೆರ್ಮಿತ್, ಅನೆಮೋನ್, ಜೆರಾರ್ ಜುನ್ಯೊ, ಕ್ರಿಸ್ತಿಯಾಂ ಕ್ಲಾವಿಯೆ, ಜೋಸಿಯಾನ್ ಬಲಾಸ್ಕೊ, ಮರೀ ಆನ್ ಶಜೆಲ್, ಇವರಲ್ಲಿ ಹೆಚ್ಚಿನವರು ರಂಗದ ಮೇಲೆ ಪಳಗಿಸಿದ ಪಾತ್ರಗಳನ್ನೇ ತೆರೆಗೆ ತಂದರು. ಶೀರ್ಷಿಕೆಯ ಅರ್ಥ ಹತ್ತಿರ ಹತ್ತಿರ 'ಸಾಂಟಾ ಒಬ್ಬ ನೀಚ' ಎಂದು. ಆ ಹೆಸರಿನ ಪೋಸ್ಟರುಗಳನ್ನು ಹಚ್ಚಲು ಪ್ಯಾರಿಸ್ ಮೆಟ್ರೋ ಒಪ್ಪಲಿಲ್ಲ. ಆದರೆ ಕಾಲ ಕಳೆದಂತೆ ಟಿವಿಯ ಮೂಲಕ ಅದು ಫ್ರಾನ್ಸಿನ ಕ್ರಿಸ್‌ಮಸ್‌ನ ಭಾಗವೇ ಆಗಿಬಿಟ್ಟಿತು.

ಎರಡರ ಅಸ್ಥಿಪಂಜರ ಒಂದೇ: ಸಹಾಯವಾಣಿ, ಲಿಫ್ಟ್‌ನಲ್ಲಿ ಸಿಕ್ಕಿಕೊಂಡ ಹೆಂಗಸು, ಗರ್ಭಿಣಿ, ಸಾಂಟಾ ವೇಷಧಾರಿ, ಬಾಗಿಲಿಗೆ ಬರುವ ಒಂಟಿ ಜೀವ, ಒಂದು ಅನಿರೀಕ್ಷಿತ ಸಾವು. ಮನೋಧರ್ಮ ಮಾತ್ರ ಎಣ್ಣೆ ಸೀಗೆಕಾಯಿಯಷ್ಟು ದೂರ. ಫ್ರೆಂಚ್ ಚಿತ್ರಕ್ಕೆ ಯಾರ ಮೇಲೂ ಕನಿಕರವಿಲ್ಲ. ಒಳ್ಳೆಯತನದ ಮುಖವಾಡ ಹಾಕಿ ಸಹಾಯವಾಣಿಯಲ್ಲಿ ಕುಳಿತ ಪಿಯೆರ್‌ನ ಮೇಲಂತೂ ಇಲ್ಲವೇ ಇಲ್ಲ. ಅವನ ಸಭ್ಯತೆ ಎಷ್ಟು ತೆಳು ಎಂಬುದನ್ನು ಚಿತ್ರ ಉಗುರಿನಿಂದ ಕೆರೆದು ತೋರಿಸುತ್ತದೆ. ಪಕ್ಕದ ಮನೆಯ ಪ್ರೆಸ್ಕೊವಿಚ್ ತನ್ನ ನಾಡಿನ ತಿನಿಸುಗಳನ್ನು ಪ್ರೀತಿಯಿಂದ ತರುತ್ತಾನೆ, ಅವನ್ನು ಬಾಯಿಗೆ ಇಡುವುದೇ ಕಷ್ಟ. ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆ ಪ್ರಸಂಗ ಪ್ರತಿ ಸಲ ಬಂದಾಗಲೂ ನಗು ಹೆಚ್ಚುತ್ತದೆ. ಹೆಣವನ್ನು ವಿಲೇವಾರಿ ಮಾಡುವ ಬಗೆಯಂತೂ ಮೃಗಾಲಯದವರೆಗೆ ಹೋಗುತ್ತದೆ, ಹೆಚ್ಚು ಹೇಳುವುದಿಲ್ಲ.

ಎಫ್ರಾನ್ ಸೋದರಿಯರು ಈ ಅಸ್ಥಿಪಂಜರವನ್ನು ಇಟ್ಟುಕೊಂಡು ಅದರೊಳಗೆ ಬೇರೆ ಹೃದಯ ಕೂರಿಸಿದರು. ಅವರ ಚಿತ್ರದ ಕೊನೆಗೆ ಒಂದು ಮಗು ಹುಟ್ಟುತ್ತದೆ, ಇರಲು ಜಾಗವಿಲ್ಲದವರ ನಡುವೆ. ಯಾವ ರಾತ್ರಿಯ ಕತೆ ಇದು ಎಂಬುದನ್ನು ಅವರು ಮರೆತಿಲ್ಲ. ಇದನ್ನು ಮೃದುಗೊಳಿಸುವಿಕೆ ಎಂದು ಮೂಗು ಮುರಿದವರಿದ್ದಾರೆ. ನನಗೆ ಅದು ಮೂಲದೊಂದಿಗೆ ನಡೆಸಿದ ನೇರ ವಾದದಂತೆ ಕಾಣುತ್ತದೆ. ಸಹಾಯ ಮಾಡಲು ಹೊರಟವರ ಪೊಳ್ಳುತನವನ್ನು ಫ್ರೆಂಚರು ಬಯಲು ಮಾಡಿದರು. ಪೊಳ್ಳಾಗಿದ್ದರೂ ಫೋನ್ ಎತ್ತಿಕೊಳ್ಳುವವನು ಒಬ್ಬ ಇದ್ದಾನಲ್ಲ, ಅದಕ್ಕೂ ಬೆಲೆಯಿದೆ ಎಂದರು ಎಫ್ರಾನ್.

ನಿಮ್ಮ ಗುಂಪಿಗೆ ನಿರ್ದಯ ಹಾಸ್ಯ ಒಗ್ಗುತ್ತದೆ, ಸಬ್‌ಟೈಟಲ್ ಓದುವ ತಾಳ್ಮೆಯೂ ಇದೆ ಎಂದಾದರೆ ಫ್ರೆಂಚ್ ಚಿತ್ರವನ್ನೇ ಹಾಕಿ. ಎರಡನ್ನೂ ಒಂದೇ ರಾತ್ರಿ ನೋಡುವ ಹುಮ್ಮಸ್ಸಿದ್ದರೆ, ಒಟ್ಟು ಮೂರು ಗಂಟೆ ಸಾಕು, ಅಮೆರಿಕದ್ದು ಮೊದಲಿರಲಿ. ಫ್ರೆಂಚ್ ಚಿತ್ರದ ಉಪ್ಪುಖಾರದ ಮೇಲೆ 'ಮಿಕ್ಸ್ಡ್ ನಟ್ಸ್' ನೋಡಿದರೆ ಸಪ್ಪೆ ಎನಿಸುತ್ತದೆ, ಅದು ಅದಕ್ಕೆ ಇನ್ನೊಂದು ಅನ್ಯಾಯ.

ಜಗಳವೇ ಬೇಕು ಎನ್ನುವವರಿಗೆ

'ದ ರೆಫ್' ಕೂಡ 1994ರದ್ದು, ಅದೂ ಗಲ್ಲಾಪೆಟ್ಟಿಗೆಯಲ್ಲಿ ಸೋತದ್ದು. ಟೆಡ್ ಡೆಮ್ಮಿ ನಿರ್ದೇಶನ. ರಿಚರ್ಡ್ ಲಾಗ್ರವನೀಸ್ ಮತ್ತು ಮರೀ ವೈಸ್ ಅವರ ಚಿತ್ರಕಥೆ. ಕನೆಕ್ಟಿಕಟ್‌ನ ಶ್ರೀಮಂತ ಊರೊಂದರಲ್ಲಿ ಕ್ರಿಸ್‌ಮಸ್ ಮುನ್ನಾದಿನ ಕಳ್ಳತನ ಕೆಟ್ಟು, ತಪ್ಪಿಸಿಕೊಳ್ಳಲು ಗಸ್ ಎಂಬ ಕಳ್ಳ ಒಂದು ದಂಪತಿಯನ್ನು ಒತ್ತೆಯಾಳಾಗಿ ಹಿಡಿಯುತ್ತಾನೆ. ಆ ದಂಪತಿಯ ಜಗಳ ನಿಲ್ಲುವುದೇ ಇಲ್ಲ. ಬಂದೂಕು ಕಳ್ಳನ ಕೈಯಲ್ಲಿದೆ, ಮಾತು ಮಾತ್ರ ಅವರ ಕೈಯಲ್ಲಿ. ನೆಂಟರು ಊಟಕ್ಕೆ ಬಂದಾಗ ಅವನು ದಾಂಪತ್ಯ ಸಲಹೆಗಾರನ ವೇಷ ಹಾಕಬೇಕಾಗುತ್ತದೆ.

ಗಂಡ ಹೆಂಡಿರಾಗಿ ಕೆವಿನ್ ಸ್ಪೇಸಿ ಮತ್ತು ಜೂಡಿ ಡೇವಿಸ್, ಕಳ್ಳನಾಗಿ ಡೆನಿಸ್ ಲಿಯರಿ. ಆದರೆ ಊಟದ ಮೇಜು ನಿಂತಿರುವುದು ಗ್ಲಿನಿಸ್ ಜಾನ್ಸ್ ಮೇಲೆ. 1964ರ 'ಮೇರಿ ಪಾಪಿನ್ಸ್'ನಲ್ಲಿ ಮಕ್ಕಳ ಲವಲವಿಕೆಯ ತಾಯಿಯಾಗಿದ್ದವರು ಇಲ್ಲಿ ಹಣದ ಗರ್ವದ ಅತ್ತೆ. ಆ ಜೇನಿನಂಥ ದನಿ ಹಾಗೇ ಇದೆ, ಅದರೊಳಗೆ ಮುಳ್ಳು ಸೇರಿದೆ. ಹೆಂಡತಿ ಸ್ಕ್ಯಾಂಡಿನೇವಿಯಾದ ಸಂತ ಲೂಸಿಯ ಹಬ್ಬದ ಮಾದರಿಯಲ್ಲಿ ಊಟ ಏರ್ಪಡಿಸಿ, ಎಲ್ಲರ ತಲೆಯ ಮೇಲೂ ಉರಿಯುವ ಮೇಣದಬತ್ತಿಯ ಕಿರೀಟ ಇಟ್ಟಿದ್ದಾಳೆ. ತಲೆಯ ಮೇಲೆ ದೀಪ ಹೊತ್ತುಕೊಂಡೇ ಆ ಕುಟುಂಬ ಹತ್ತು ವರ್ಷಗಳ ಕೊಳೆಯನ್ನು ಮೇಜಿನ ಮೇಲೆ ಸುರಿಯುತ್ತದೆ. ಕ್ರಿಸ್ಟೀನ್ ಬರಾನ್ಸ್ಕಿ ಓರಗಿತ್ತಿಯಾಗಿ ಆ ಬೆಂಕಿಗೆ ತುಪ್ಪ ಹಾಕುತ್ತಾರೆ.

ಬರವಣಿಗೆಯ ದೃಷ್ಟಿಯಿಂದ ನೋಡಿದರೆ ಇಂಗ್ಲಿಷಿನ ನಾಲ್ಕರಲ್ಲಿ ಇದೇ ಬಿಗಿಯಾದದ್ದು. 'ಮಿಕ್ಸ್ಡ್ ನಟ್ಸ್'ಗಿಂತಲೂ ಬಿಗಿ, ಒಪ್ಪುತ್ತೇನೆ. ಇದರಲ್ಲಿ ಒಂದು ಸಾಲು ವ್ಯರ್ಥವಿಲ್ಲ. ಆದರೆ ಬೈಗುಳ ತುಂಬಿದೆ, ಮಕ್ಕಳಿರುವಾಗ ಹಾಕುವ ಚಿತ್ರವಲ್ಲ. ಮತ್ತೊಂದು ಮಾತು: ಸಂಬಂಧ ಹಳಸಿರುವ ಜೋಡಿಯೊಂದು ನಿಮ್ಮ ನಡುವೆ ಕುಳಿತಿದ್ದರೆ ಕೋಣೆಯಲ್ಲಿ ಮೌನ ಬಿದ್ದೀತು.

ಹೊಸ ಸೊಸೆ, ಹಳೆಯ ಮನೆ

ತಾಮಸ್ ಬೆಜುಚಾ ಅವರ 'ದ ಫ್ಯಾಮಿಲಿ ಸ್ಟೋನ್' ಸೋತ ಚಿತ್ರವಲ್ಲ, ಜಗತ್ತಿನಾದ್ಯಂತ 9 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದನ್ನು ಈ ಪಟ್ಟಿಗೆ ಸೇರಿಸಿದ್ದು ಬೇರೆ ಕಾರಣಕ್ಕೆ. ಹಲವರು ಅದನ್ನು ದ್ವೇಷಿಸುತ್ತಾರೆ, ಮತ್ತು ದ್ವೇಷಿಸಲು ಕೊಡುವ ಕಾರಣವೇ ಅದರ ಹೆಚ್ಚುಗಾರಿಕೆ ಎಂದು ನನಗನ್ನಿಸುತ್ತದೆ.

ದೊಡ್ಡ ಮಗ ಮದುವೆಯಾಗಲು ಬಯಸಿದ ಮೆರಿಡಿತ್ ಎಂಬ ಬಿಗುಮಾನದ ಹುಡುಗಿಯನ್ನು ಹಬ್ಬಕ್ಕೆ ಮನೆಗೆ ಕರೆತರುತ್ತಾನೆ. ತಮ್ಮನ್ನು ಉದಾರಿಗಳೆಂದು ಭಾವಿಸಿಕೊಂಡಿರುವ ಸ್ಟೋನ್ ಕುಟುಂಬ ಅವಳನ್ನು ಮೊದಲ ಗಳಿಗೆಯಿಂದಲೇ ದೂರವಿಡುತ್ತದೆ. ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು ಎಂಬಂತೆ ಅವಳು ಗಂಟಲು ಸರಿಮಾಡಿಕೊಂಡರೂ ತಪ್ಪು. ಕಿವಿ ಕೇಳಿಸದ ಮಗನಿಗಾಗಿ ಮನೆಯವರೆಲ್ಲ ಸನ್ನೆ ಭಾಷೆ ಕಲಿತಿದ್ದಾರೆ. ಆ ಪಾತ್ರ ಮಾಡಿದ ಟೈರೋನ್ ಜಿಯೊರ್ಡಾನೊ ಸ್ವತಃ ಕಿವುಡರು. ಇಷ್ಟು ಪ್ರೀತಿಯುಳ್ಳ ಮನೆ ಹೊರಗಿನವಳೊಬ್ಬಳಿಗೆ ಇಷ್ಟು ಕ್ರೂರವಾಗಬಲ್ಲದೇ? ಆಗಬಲ್ಲದು. ಎಷ್ಟೋ ಅಕ್ಕರೆಯ ಮನೆಗಳು ಹಾಗೆಯೇ ಇರುತ್ತವೆ. ಇದನ್ನು ಹೇಳಲು ಧೈರ್ಯ ಮಾಡಿದ ಹಬ್ಬದ ಚಿತ್ರಗಳು ಕಡಿಮೆ.

ಸಾರಾ ಜೆಸ್ಸಿಕಾ ಪಾರ್ಕರ್ ಮೆರಿಡಿತ್ ಪಾತ್ರಕ್ಕಾಗಿ ಗೋಲ್ಡನ್ ಗ್ಲೋಬ್‌ಗೆ ನಾಮನಿರ್ದೇಶನಗೊಂಡರು. ಉಡುಗೊರೆ ಬಿಚ್ಚುವ ದೃಶ್ಯದಲ್ಲಿ, ಎಲ್ಲರ ಕೈಗೂ ಒಂದೇ ಹಳೆಯ ಭಾವಚಿತ್ರದ ಚೌಕಟ್ಟು ಬರುತ್ತದೆ: ಅವರ ತಾಯಿ ಗರ್ಭಿಣಿಯಾಗಿದ್ದಾಗ ತೆಗೆದದ್ದು. ಮೆರಿಡಿತ್ ಕೊಟ್ಟ ಆ ಉಡುಗೊರೆಯ ಮುಂದೆ ಮನೆಮಂದಿಯ ಮುಖಗಳು ಬದಲಾಗುವುದನ್ನು ನೋಡಿ. ತಾಯಿಯಾಗಿ ಡಯಾನ್ ಕೀಟನ್. 2025ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡ ಮೇಲೆ ಈ ಚಿತ್ರವನ್ನು ಮತ್ತೆ ನೋಡಿದೆ. ಆ ದೃಶ್ಯದಲ್ಲಿ ಅವರು ಹೆಚ್ಚೇನೂ ಮಾಡುವುದಿಲ್ಲ, ಅದೇ ಎದೆಗೆ ನಾಟುತ್ತದೆ. ತಾಯಿಯ ಕಾಯಿಲೆ ಕತೆಯ ಒಳಗಿದೆ. ಇತ್ತೀಚೆಗೆ ತಾಯಿಯನ್ನು ಕಳೆದುಕೊಂಡವರು ಜೊತೆಗಿದ್ದರೆ ಮೊದಲೇ ತಿಳಿಸಿ.

ಕೊನೆಯ ಅರ್ಧ ಗಂಟೆಯಲ್ಲಿ ಜೋಡಿಗಳು ಅದಲುಬದಲಾಗುವುದು ಅವಸರದ್ದು. ಅಲ್ಲಿ ನನ್ನ ಸಮರ್ಥನೆ ಇಲ್ಲ.

ಎಲ್ಲ ವಯಸ್ಸಿನವರೂ ಸೇರಿದಾಗ

ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಕುಳಿತಿದ್ದರೆ ಚರ್ಚೆಯೇ ಬೇಡ, 'ಇಟ್ ಹ್ಯಾಪನ್ಡ್ ಆನ್ ಫಿಫ್ತ್ ಅವೆನ್ಯೂ' ಹಾಕಿ. ರಾಯ್ ಡೆಲ್ ರೂತ್ ನಿರ್ದೇಶಿಸಿದ ಕಪ್ಪು ಬಿಳುಪು ಚಿತ್ರ, ಎರಡು ಗಂಟೆಗೆ ಸ್ವಲ್ಪ ಕಡಿಮೆ. ನ್ಯೂಯಾರ್ಕಿನ ಕೋಟ್ಯಧೀಶನೊಬ್ಬ ಚಳಿಗಾಲಕ್ಕೆ ಬೇರೆಡೆಗೆ ಹೋದಾಗಲೆಲ್ಲ ಅವನ ಬಂಗಲೆಯಲ್ಲಿ ಗುಟ್ಟಾಗಿ ಬಂದು ನೆಲೆಸುವ ಒಬ್ಬ ಸಭ್ಯ ಅಲೆಮಾರಿ ಮೆಕೀವರ್. ಆ ವರ್ಷ ಅವನು ಮನೆ ಕಳೆದುಕೊಂಡ ಮಾಜಿ ಸೈನಿಕನನ್ನು ಒಳಗೆ ಕರೆದುಕೊಳ್ಳುತ್ತಾನೆ. ಆಮೇಲೆ ಸೈನಿಕನ ಗೆಳೆಯರು, ಅವರ ಹೆಂಡತಿ ಮಕ್ಕಳು, ಗುರುತು ಮರೆಸಿಕೊಂಡ ಮನೆಯ ಮಗಳು, ಕೊನೆಗೆ ಭಿಕ್ಷುಕನ ವೇಷದಲ್ಲಿ ಸ್ವತಃ ಮಾಲೀಕ. ತನ್ನದೇ ಮನೆಯಲ್ಲಿ ಅಲೆಮಾರಿಯ ಅಪ್ಪಣೆ ಪಾಲಿಸಬೇಕಾಗಿ ಬಂದ ಮಾಲೀಕನಾಗಿ ಚಾರ್ಲ್ಸ್ ರಗಲ್ಸ್, ಅಪ್ಪಣೆ ಕೊಡುವ ಮೆಕೀವರ್ ಆಗಿ ವಿಕ್ಟರ್ ಮೂರ್.

ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮರಳಿದಾಗ ಅಮೆರಿಕದ ನಗರಗಳಲ್ಲಿ ತೀವ್ರ ವಸತಿ ಅಭಾವವಿತ್ತು. ಖಾಲಿ ಬಂಗಲೆ ಮತ್ತು ಸೂರಿಲ್ಲದ ಕುಟುಂಬ, ಇವೆರಡನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸಿದ್ದು ಆಗ ಬರೀ ತಮಾಷೆಯಾಗಿರಲಿಲ್ಲ. ಕತೆಗೆ ಆಸ್ಕರ್ ನಾಮನಿರ್ದೇಶನ ಬಂತು. ಇದೇ ಕತೆ ಮೊದಲು ಫ್ರಾಂಕ್ ಕಾಪ್ರಾ ಅವರ ಕೈಯಲ್ಲಿತ್ತು. ಅವರು ಇದನ್ನು ಬಿಟ್ಟು 'ಇಟ್ಸ್ ಎ ವಂಡರ್‌ಫುಲ್ ಲೈಫ್' ಮಾಡಿದರು. ಆ ಚಿತ್ರದ ನೆರಳಿನಲ್ಲಿ ಇದು ಮರೆಯಾಯಿತು. ಬಾಡಿಗೆ ಕಟ್ಟಲಾಗದ ಫಿಲಿಪ್‌ನ ಕಚೇರಿಗೂ ಈ ಬಂಗಲೆಗೂ ನಂಟಿದೆ: ಎರಡರಲ್ಲೂ ಕ್ರಿಸ್‌ಮಸ್ ಎಂದರೆ ಯಾರು ಯಾರಿಗೆ ಬಾಗಿಲು ತೆರೆದರು ಎಂಬ ಪ್ರಶ್ನೆ.

ಅತ್ಯುತ್ತಮವಾದದ್ದು, ಆದರೆ ಹಬ್ಬಕ್ಕಲ್ಲ

ಲೂಯಿಸ್ ಗಾರ್ಸಿಯಾ ಬರ್ಲಾಂಗಾ ಅವರ 'ಪ್ಲಾಸಿದೊ' ಈ ಆರರಲ್ಲಿ ಕಲೆಯಾಗಿ ಎಲ್ಲಕ್ಕಿಂತ ದೊಡ್ಡದು. ಸ್ಪೇನಿನ ಒಂದು ಸಣ್ಣ ಊರಿನಲ್ಲಿ, ಕ್ರಿಸ್‌ಮಸ್ ಮುನ್ನಾದಿನ ಪ್ರತಿ ಸಿರಿವಂತ ಮನೆಯೂ ಒಬ್ಬ ಬಡವನನ್ನು ಊಟಕ್ಕೆ ಕೂರಿಸಬೇಕೆಂಬ ಅಭಿಯಾನ. ಪ್ರಾಯೋಜಕರು ಅಡುಗೆ ಪಾತ್ರೆಯ ಕಂಪನಿಯವರು. ಮೆರವಣಿಗೆಗೆ ತನ್ನ ಮೂರು ಚಕ್ರದ ಗಾಡಿ ಕೊಟ್ಟಿರುವ ಪ್ಲಾಸಿದೊಗೆ ಅಂದೇ ಆ ಗಾಡಿಯ ಕಂತು ಕಟ್ಟಬೇಕು. ದಾನದ ಗದ್ದಲದಲ್ಲಿ ಓಡಾಡುವ ಒಬ್ಬರಿಗೂ ಅವನ ಮಾತು ಕೇಳಲು ಪುರುಸೊತ್ತಿಲ್ಲ. ಇಷ್ಟೇ ಕತೆ, 85 ನಿಮಿಷದ ಆಸುಪಾಸು. ಬಡವನೊಬ್ಬ ಸಿರಿವಂತರ ಮನೆಯಲ್ಲಿ ಸಾಯುವ ಸ್ಥಿತಿಗೆ ಬಂದಾಗ ಅವರಿಗೆ ಹತ್ತುವ ಚಿಂತೆ ಅವನ ಜೀವದ್ದಲ್ಲ. ಮದುವೆಯಾಗದೆ ಒಬ್ಬಳೊಂದಿಗೆ ಬಾಳುತ್ತಿದ್ದವನು ಹಾಗೆಯೇ ಸತ್ತರೆ ತಮ್ಮ ಮನೆಗೆ ಕಳಂಕವಲ್ಲವೇ ಎಂಬುದು.

ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆಯ ಸೆನ್ಸಾರ್‌ನವರು ಅಭಿಯಾನದ ಘೋಷಣೆಯನ್ನೇ ಹೋಲುವ ಮೊದಲ ಶೀರ್ಷಿಕೆಗೆ ಒಪ್ಪದ ಕಾರಣ ನಾಯಕನ ಹೆಸರೇ ಚಿತ್ರದ ಹೆಸರಾಯಿತು. ವಿದೇಶಿ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನಗೊಂಡು, ಬರ್ಗ್‌ಮನ್ ಅವರ 'ಥ್ರೂ ಎ ಗ್ಲಾಸ್ ಡಾರ್ಕ್‌ಲಿ' ಎದುರು ಸೋತಿತು. ಆ ಚಿತ್ರದ ಛಾಯಾಗ್ರಾಹಕರೂ ಸ್ವೆನ್ ನಿಕ್‌ವಿಸ್ಟ್ ಅವರೇ!

ಉದ್ದುದ್ದದ ಶಾಟ್‌ಗಳಲ್ಲಿ ಹತ್ತು ಜನ ಒಟ್ಟಿಗೆ ಮಾತಾಡುತ್ತಾರೆ. ಸಬ್‌ಟೈಟಲ್ ಎಲ್ಲವನ್ನೂ ಹಿಡಿಯಲಾರದು, ನೋಡುವವರು ಮೊಬೈಲ್ ಕೆಳಗಿಟ್ಟು ಕೂರಬೇಕು. ಮುಗಿದ ಮೇಲೆ ಬಾಯಲ್ಲಿ ಕಹಿ ಉಳಿಯುತ್ತದೆ. ನಾನಾದರೆ ಇದನ್ನು ಹಬ್ಬ ಮುಗಿದ ಒಂದೆರಡು ದಿನದ ನಂತರ, ಮಾತಾಡಲು ಸಮಯವಿರುವ ಒಬ್ಬಿಬ್ಬರು ಗೆಳೆಯರ ಜೊತೆ ನೋಡುತ್ತೇನೆ.

ಹಾಗಾದರೆ ಇಂದು ರಾತ್ರಿ?

ಮಕ್ಕಳಿದ್ದರೆ 'ಫಿಫ್ತ್ ಅವೆನ್ಯೂ'. ಮಾತಿನ ಚಾಟಿಯೇಟನ್ನು ಸವಿಯುವ ವಯಸ್ಕರಷ್ಟೇ ಇದ್ದರೆ 'ದ ರೆಫ್'. ಹಬ್ಬಕ್ಕೆ ಮನೆಗೆ ಹೊಸಬರನ್ನು ಕರೆತಂದಿದ್ದರೆ 'ದ ಫ್ಯಾಮಿಲಿ ಸ್ಟೋನ್' ಬೇಡ, ಅವರು ಹೋದ ಮೇಲೆ ನೋಡಿ. ನಗುತ್ತ ನಗುತ್ತ ನಾಚಿಕೊಳ್ಳಲು ಸಿದ್ಧರಿದ್ದರೆ ಫ್ರೆಂಚ್ ಚಿತ್ರ.

'ಮಿಕ್ಸ್ಡ್ ನಟ್ಸ್' ಯಾರಿಗೆ? ಹಬ್ಬಕ್ಕೆ ಊರಿಗೆ ಹೋಗಲಾಗದೆ ಉಳಿದವರು, ರಜೆ ಸಿಗದವರು, ಇತ್ತೀಚೆಗೆ ಯಾರಿಂದಲೋ ಬೇರ್ಪಟ್ಟವರು, ಕರೆಯಲು ಯಾರೂ ಇಲ್ಲವೆಂದು ನಿಮ್ಮ ಮನೆಗೆ ಬಂದವರು ಒಟ್ಟಾದ ರಾತ್ರಿಗೆ. ಒಬ್ಬರಿಗೊಬ್ಬರು ಅಷ್ಟಾಗಿ ಪರಿಚಯವಿಲ್ಲದಿದ್ದರೆ ಇನ್ನೂ ಒಳ್ಳೆಯದು. ಮೊದಲ ಅರ್ಧ ಗಂಟೆಯ ಸದ್ದಿಗೆ ಯಾರಾದರೂ ಹುಬ್ಬು ಗಂಟಿಕ್ಕಿದರೆ ಕ್ರಿಸ್ ಬಾಗಿಲು ತಟ್ಟುವವರೆಗೆ ಕಾಯಲು ಹೇಳಿ. ಆ ನೃತ್ಯ ಮುಗಿದ ಮೇಲೂ ಅವರ ಮುಖ ಸಡಿಲವಾಗದಿದ್ದರೆ ಅಲ್ಲಿಗೇ ನಿಲ್ಲಿಸಿ 'ಫಿಫ್ತ್ ಅವೆನ್ಯೂ' ಹಾಕಿ, ರಾತ್ರಿ ಇನ್ನೂ ಬಾಕಿ ಇರುತ್ತದೆ.